ಹೂಂ ಅನ್ನಲು ಯಾರೂ ಇಲ್ಲದವನು

ನಮ್ಮಜ್ಜಿ ಕಥೆ ಹೇಳುವಾಗ ಒಂದು ಶರತ್ತು ಹಾಕುತ್ತಿದ್ದರು. ಕೇಳುವವರು ನಡುನಡುವೆ ಹೂಂ ಅನ್ನಬೇಕು. ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು. ಜಗಲಿಯಲ್ಲಿ ಕಾಲು ಚಾಚಿ ಕೂತು, ಮೊಣಕಾಲಿನ ಕೆಳಗೆ ಹತ್ತಿ ಹೊಸೆದು ಬತ್ತಿ ಮಾಡುತ್ತಾ ಹೇಳುತ್ತಿದ್ದರು. ಬತ್ತಿಗೊಂದು ಹೂಂ. ಒಂದು ಸಲ ಸುಮ್ನೆ ನೋಡೋಣ ಅಂತ ನಾನು ಬಾಯಿ ಮುಚ್ಚಿಕೊಂಡು ಕೂತೆ. ಬಕಾಸುರನಿಗೆ ಅನ್ನದ ಬಂಡಿ ಹೊರಟಿತ್ತು. ಭೀಮ ಮೇಲೆ ಕೂತಿದ್ದ. ಬಂಡಿ ಕಾಡಿನ ಅಂಚಿಗೆ ಬಂದು ಅಲ್ಲೇ ನಿಂತಿತು. ಅಜ್ಜಿ ಬತ್ತಿ ಹೊಸೆಯುತ್ತಲೇ ಇದ್ದರು. ಕೊನೆಗೆ ನಾನೇ ಸೋತು ಕೇಳಿದೆ: "ಬಂಡಿ ಬರದ ದಿನ ಬಕಾಸುರ ಯಾರ ಹತ್ರ ಮಾತಾಡ್ತಿದ್ದ ಅಜ್ಜಿ?"

"ರಾಕ್ಷಸನಿಗೆ ಎಂಥ ಮಾತು ಮಗಾ? ನೀನು ಹೂಂ ಅನ್ನು."

ಈ ಪ್ರಶ್ನೆ ಮತ್ತೆ ನೆನಪಾದದ್ದು ಇಪ್ಪತ್ತು ವರ್ಷದ ಮೇಲೆ, ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆ ಪುಸ್ತಕದ ರಾಶಿಯಿಂದ ಒಂದು ತೆಳ್ಳಗಿನ ಇಂಗ್ಲಿಷ್ ಕಾದಂಬರಿ ಎತ್ತಿಕೊಂಡಾಗ. ಇನ್ನೂರು ಪುಟವೂ ಇಲ್ಲ. ಹೆಸರು 'ಗ್ರೆಂಡೆಲ್'. ಬರೆದವರು ಅಮೆರಿಕದ ಜಾನ್ ಗಾರ್ಡ್ನರ್, 1971ರಲ್ಲಿ. ಕಥೆ ಹೇಳುವವನು ರಾಕ್ಷಸ. ಪೂರ್ತಿ ಅವನೇ ಮಾತಾಡುತ್ತಾನೆ.

ಗ್ರೆಂಡೆಲ್ ಯಾರು ಅಂತ ಮೊದಲು ಹೇಳಬೇಕು. ಹಳೆ ಇಂಗ್ಲಿಷಿನಲ್ಲಿ 'ಬೇವುಲ್ಫ್' ಅಂತ ಒಂದು ಕಾವ್ಯ ಇದೆ. 3182 ಸಾಲು. ಉಳಿದಿರುವುದು ಒಂದೇ ಒಂದು ಹಸ್ತಪ್ರತಿ, ಸುಮಾರು ಸಾವಿರ ವರ್ಷ ಹಳೆಯದು. ಅದೂ 1731ರಲ್ಲಿ ಬೆಂಕಿಗೆ ಸಿಕ್ಕಿ ಅಂಚೆಲ್ಲ ಸುಟ್ಟುಕೊಂಡು ಬದುಕಿತು. ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಕಥೆ ನಡೆಯುವುದು ಮಾತ್ರ ಡೆನ್ಮಾರ್ಕಿನಲ್ಲಿ. ಹ್ರೋತ್‌ಗಾರ್ ಅನ್ನುವ ರಾಜ ಹೆರೊಟ್ ಅನ್ನುವ ದೊಡ್ಡ ಸಭೆಮನೆ ಕಟ್ಟಿಸುತ್ತಾನೆ. ರಾತ್ರಿಯೆಲ್ಲ ಅಲ್ಲಿ ಕುಡಿತ, ಹಾಡು, ಉಡುಗೊರೆ. ಹೊರಗೆ ಜೌಗಿನಲ್ಲಿ ಗ್ರೆಂಡೆಲ್ ಇರುತ್ತಾನೆ. ಹನ್ನೆರಡು ವರ್ಷ ರಾತ್ರಿ ಹೊತ್ತು ಬಂದು ಜನರನ್ನು ತಿನ್ನುತ್ತಾನೆ. ಕೊನೆಗೆ ಸಮುದ್ರದಾಚೆಯಿಂದ ಬೇವುಲ್ಫ್ ಬಂದು ಅವನ ತೋಳು ಕಿತ್ತು ಹಾಕುತ್ತಾನೆ. ನಮ್ಮ ಬಕಾಸುರನ ಹಾಗೇ ಅಲ್ವಾ? ಊರಾಚೆ ಒಬ್ಬ, ಊರೊಳಗೆ ಭಯ, ಹೊರಗಿಂದ ಬಂದ ಗಟ್ಟಿ ಕೈಯವನು.

ಗ್ರೆಂಡೆಲ್ ಯಾಕೆ ಬರುತ್ತಾನೆ ಅನ್ನುವುದಕ್ಕೆ ಹಳೆ ಕಾವ್ಯ ಕೊಡುವ ಕಾರಣ ಓದಿ ನನಗೆ ಆಶ್ಚರ್ಯವಾಯಿತು. ಹಸಿವಿನ ಮಾತೇ ಅಲ್ಲಿಲ್ಲ. ಕತ್ತಲಲ್ಲಿ ಕೂತವನಿಗೆ ದಿನಾ ಆ ಮನೆಯ ಸಂಭ್ರಮದ ಸದ್ದು ಕೇಳುತ್ತದೆ, ಹಾರ್ಪ್ ತಂತಿಯ ದನಿ, ಕವಿಯ ಹಾಡು. ಅದನ್ನು ಸಹಿಸಲಾಗದೆ ಒದ್ದಾಡಿದ ಅನ್ನುತ್ತಾನೆ ಕವಿ. ಸಂಭ್ರಮ ಅನ್ನುವುದಕ್ಕೆ ಅವನು ಬಳಸುವ ಪದ ಈಗ ಇಂಗ್ಲಿಷಿನಲ್ಲಿ ಕನಸಿಗೆ ಬಳಸುವ 'ಡ್ರೀಮ್', ಅವೇ ಅಕ್ಷರಗಳು. ಆಗ ಅದಕ್ಕೆ ನಲಿವು, ಹಾಡು, ಜನ ಸೇರಿದ ಗದ್ದಲ ಅನ್ನುವ ಅರ್ಥ. ಗ್ರೆಂಡೆಲ್ ಕೊನೆಯ ಸಲ ಬಾಗಿಲಿಗೆ ಬರುವಾಗಲೂ ಕವಿ ಅವನನ್ನು ಕರೆಯುವುದು ಆ ನಲಿವಿನಲ್ಲಿ ಪಾಲು ಸಿಗದವನು ಅಂತಲೇ. ಇನ್ನೊಂದು ಹೆಸರು 'ಆನ್‌ಗೆಂಗಾ'. ಒಬ್ಬನೇ ನಡೆಯುವವನು. ನಮ್ಮ ಪತ್ರಿಕೆಯವರಾದರೆ ಒಂಟಿ ಸಲಗ ಅಂತ ಬರೆಯುತ್ತಿದ್ದರು.

ಆದರೆ ಆ ಇಡೀ ಕಾವ್ಯದಲ್ಲಿ ಗ್ರೆಂಡೆಲ್ ಒಂದೇ ಒಂದು ಮಾತು ಆಡುವುದಿಲ್ಲ.

ಗಾರ್ಡ್ನರ್ ಹಳೆ ಇಂಗ್ಲಿಷ್ ಪಾಠ ಮಾಡುತ್ತಿದ್ದ ಮೇಷ್ಟ್ರು. ಅವರು ಹಿಡಿದದ್ದು ಈ ಮೌನವನ್ನೇ. ಕಾದಂಬರಿಗೆ ಹನ್ನೆರಡು ಅಧ್ಯಾಯ, ಹನ್ನೆರಡು ರಾಶಿಗಳ ಲೆಕ್ಕದಲ್ಲಿ. ಮೊದಲನೆಯದು ಮೇಷ. ಅದಕ್ಕೇ ಪುಸ್ತಕ ತೆರೆಯುವುದೇ ಒಂದು ಟಗರಿನಿಂದ. ಟಗರು ಬಂಡೆಯ ಮೇಲೆ ಪೆದ್ದು ಪೆದ್ದಾಗಿ ನಿಂತಿದೆ. ಗ್ರೆಂಡೆಲ್ ಹೋಗು ಅಂತ ಕೂಗುತ್ತಾನೆ, ಕಾಲು ಅಪ್ಪಳಿಸುತ್ತಾನೆ, ಕಲ್ಲು ಎಸೆಯುತ್ತಾನೆ. ಟಗರು ಕದಲುವುದಿಲ್ಲ. ಆಮೇಲೆ ಆಕಾಶಕ್ಕೆ ಬೈಯುತ್ತಾನೆ. ಆಕಾಶವೂ ಏನೂ ಅನ್ನುವುದಿಲ್ಲ. ಓದುವಾಗ ನಗು ಬರುತ್ತದೆ. ಎರಡು ಪುಟ ದಾಟಿದ ಮೇಲೆ ನಗು ನಿಲ್ಲುತ್ತದೆ.

ನನ್ನ ಪ್ರಕಾರ ಪುಸ್ತಕದ ಜೀವ ಇರುವುದು ಎರಡನೇ ಅಧ್ಯಾಯದ ಮರದಲ್ಲಿ. ಗ್ರೆಂಡೆಲ್ ಇನ್ನೂ ಹುಡುಗ. ಆಗಷ್ಟೇ ಹುಟ್ಟಿದ ಕರುವಿನ ವಾಸನೆ ಹಿಡಿದು ಹೊರಟವನ ಕಾಲು ಎರಡು ಮರದ ಕಾಂಡ ಕೂಡುವ ಸಂದಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅಮ್ಮಾ ಅಂತ ಕೂಗುತ್ತಾನೆ. ಅಮ್ಮ ಬರುವುದಿಲ್ಲ, ಹೋರಿ ಬರುತ್ತದೆ. ತಲೆ ಬಗ್ಗಿಸಿ ಗುದ್ದುತ್ತದೆ. ಕೊಂಬು ತಾಗುವುದು ಕೆಳಗೆ, ಕಾಲಿಗೆ. ಮತ್ತೆ ಗುದ್ದುತ್ತದೆ, ಅದೇ ಎತ್ತರಕ್ಕೆ. ಈ ಹೋರಿ ಸಾಯುವವರೆಗೂ ಹೀಗೇ ಗುದ್ದುತ್ತದೆ, ಇದಕ್ಕೆ ತನ್ನ ಮೇಲೆ ದ್ವೇಷವೂ ಇಲ್ಲ, ಯೋಚನೆಯೂ ಇಲ್ಲ ಅಂತ ಅವನಿಗೆ ಹೊಳೆಯುತ್ತದೆ. ಜಗತ್ತೂ ಹೀಗೇ, ತಾನೊಬ್ಬನೇ ಇರುವುದು, ಉಳಿದದ್ದೆಲ್ಲ ಸುಮ್ನೆ ಬಂದು ಡಿಕ್ಕಿ ಹೊಡೆಯುವ ವಸ್ತು ಅಂತ ತೀರ್ಮಾನಿಸುತ್ತಾನೆ. ಮರಕ್ಕೆ ಸಿಕ್ಕಿಕೊಂಡ ಹುಡುಗನ ತತ್ವ ಅದು. ದೊಡ್ಡವನಾದ ಮೇಲೂ ಅದನ್ನು ಬಿಡುವುದಿಲ್ಲ.

ಆಮೇಲೆ ಕುದುರೆಗಳ ಮೇಲೆ ಮನುಷ್ಯರು ಬರುತ್ತಾರೆ. ಹ್ರೋತ್‌ಗಾರ್ ಮತ್ತು ಅವನ ಕಡೆಯವರು. ಅವರು ಮಾತಾಡುವುದು ಗ್ರೆಂಡೆಲ್‌ಗೆ ಅರ್ಥವಾಗುತ್ತದೆ! ಉಚ್ಚಾರ ಬೇರೆ, ಭಾಷೆ ಅದೇ. ಮೇಲೆ ನೋಡಿ ಚರ್ಚೆ ಮಾಡುತ್ತಾರೆ. ಇದೇನು, ಮರಕ್ಕೆ ಹತ್ತಿದ ಅಣಬೆಯೋ, ಮರದೊಳಗಿನ ದೆವ್ವವೋ? ದೆವ್ವವೇ ಇರಬೇಕು. ಇದಕ್ಕೆ ಏನು ಕೊಡಬೇಕು? ಹಂದಿ ತಿನ್ನುತ್ತೇನೋ. ಹಂದಿ ಅನ್ನುವ ಮಾತು ಕಿವಿಗೆ ಬಿದ್ದದ್ದೇ ಗ್ರೆಂಡೆಲ್ ಖುಷಿ ತಡೆಯಲಾಗದೆ ಹಂದಿ ಅಂತ ಕೂಗಿ ನಗುತ್ತಾನೆ. ಕೆಳಗಿದ್ದವರಿಗೆ ಕೇಳಿಸಿದ್ದು ಬರೀ ಗರ್ಜನೆ. ದೆವ್ವಕ್ಕೆ ಸಿಟ್ಟು ಬಂತು ಅಂದುಕೊಳ್ಳುತ್ತಾರೆ. ಕೊಡಲಿ ಹಾರಿ ಬರುತ್ತದೆ. ಅಷ್ಟರಲ್ಲಿ ಅಮ್ಮ ಬಂದು ಉಳಿಸಿಕೊಳ್ಳುತ್ತಾಳೆ, ಅದು ಬೇರೆ.

ಆ ಪುಟ ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಭಾಷೆ ಬಾರದ ಊರಿನಲ್ಲಿ ಒಬ್ಬಂಟಿಯಾಗುವುದು ಒಂದು ತರಹ. ಅಲ್ಲಿ ಕೈಸನ್ನೆ ಮಾಡಿ ಟೀ ಕೇಳಿ ಬದುಕಬಹುದು. ಇವನದು ಅದಲ್ಲ. ಇವನಿಗೆ ಅವರ ಮಾತು, ಜಗಳ, ಚೇಷ್ಟೆ ಎಲ್ಲ ತಿಳಿಯುತ್ತದೆ. ಇವನು ಬಾಯಿ ತೆರೆದರೆ ಮಾತ್ರ ಅದು ಅವರ ಕಿವಿಯಲ್ಲಿ ಮಾತಾಗುವುದಿಲ್ಲ.

ಇಲ್ಲಿ ನಮ್ಮೂರ ಟೆಂಟ್ ಮೇಳದ ವಿಷಯ ಹೇಳದಿದ್ದರೆ ಆಗುವುದಿಲ್ಲ. ಕೊಯ್ಲು ಮುಗಿದ ಗದ್ದೆಯಲ್ಲಿ ಯಕ್ಷಗಾನದ ಟೆಂಟು ಹಾಕುತ್ತಿದ್ದರು. ಟಿಕೆಟ್ ಆಟ. ನೆಲಕ್ಕೊಂದು ರೇಟು, ಬೆಂಚಿಗೊಂದು, ಕುರ್ಚಿಗೊಂದು. ನನ್ನ ಹತ್ತಿರ ನೆಲಕ್ಕೂ ದುಡ್ಡಿಲ್ಲದ ವರ್ಷಗಳು ಇದ್ದವು. ಹೊರಗೆ ಕಡಲೆ ಮಾರುವವನ ಗ್ಯಾಸ್‌ಲೈಟಿನ ಹತ್ತಿರ ನಿಂತರೆ ಚೆಂಡೆ, ಮದ್ದಳೆ, ಭಾಗವತರ ಪದ ಎಲ್ಲ ಕೇಳುತ್ತಿತ್ತು. ಹಾಸ್ಯಗಾರ ಏನೋ ಅನ್ನುತ್ತಿದ್ದ, ಒಳಗೆ ಸಾವಿರ ಜನ ಒಟ್ಟಿಗೆ ನಗುತ್ತಿದ್ದರು. ನನಗೂ ಜೋಕು ಕೇಳಿಸಿದೆ, ಅರ್ಥವೂ ಆಗಿದೆ. ಆದರೆ ನಾನೊಬ್ಬನೇ ಕತ್ತಲಲ್ಲಿ ನಕ್ಕರೆ ಅದು ನಗುವಿನ ಹಾಗೆ ಇರುತ್ತಿರಲಿಲ್ಲ. ಟೆಂಟಿನ ಬಟ್ಟೆ ಅಂಗೈಗೆ ತಾಗುವಷ್ಟು ಹತ್ತಿರ. ಬಟ್ಟೆ ನೆಲಕ್ಕೆ ಮುಟ್ಟುವಲ್ಲಿ ಒಂದು ಗೇಣು ಬೆಳಕು, ಅದರಲ್ಲಿ ಕೂತವರ ಬೆನ್ನು, ಚಾಪೆಯ ಅಂಚು.

ರಾತ್ರಿ ಎರಡರ ಮೇಲೆ ಗೇಟಿನವನು ತೂಕಡಿಸಿದರೆ ನುಸುಳಬಹುದಿತ್ತು. ಗ್ರೆಂಡೆಲ್‌ಗೆ ಆ ಗೇಟೂ ಇಲ್ಲ.

ಇಲ್ಲ ಅಂತಲ್ಲ, ಅವನೂ ಒಂದು ಸಲ ನುಗ್ಗುತ್ತಾನೆ. ಹ್ರೋತ್‌ಗಾರನ ಆಸ್ಥಾನಕ್ಕೆ ಒಬ್ಬ ಕುರುಡ ಹಾಡುಗಾರ ಬಂದಿದ್ದಾನೆ. ಹಾರ್ಪ್ ಹಿಡಿದು ಹಾಡಿದರೆ ಅವನ ಸುಳ್ಳೂ ನಿಜವಾಗುತ್ತದೆ. ಈ ಜನ ಒಬ್ಬರನ್ನೊಬ್ಬರು ಸುಟ್ಟು ಕೊಂದದ್ದನ್ನು ಗ್ರೆಂಡೆಲ್ ವರ್ಷಗಟ್ಟಲೆ ಮರದ ಮರೆಯಿಂದ ಕಣ್ಣಾರೆ ನೋಡಿದ್ದಾನೆ. ಹಾಡುಗಾರ ಅದನ್ನೇ ವೀರಕಥೆ ಮಾಡಿ ಹಾಡುತ್ತಾನೆ. ಸುಳ್ಳು ಅಂತ ಗೊತ್ತಿದ್ದೂ ಗ್ರೆಂಡೆಲ್‌ಗೆ ಅಳು ಬರುತ್ತದೆ. ಒಂದು ರಾತ್ರಿ ಹಾಡುಗಾರ ಇಬ್ಬರು ಅಣ್ಣತಮ್ಮಂದಿರ ಕಥೆ ಎತ್ತಿಕೊಳ್ಳುತ್ತಾನೆ. ಒಬ್ಬನ ವಂಶಕ್ಕೆ ಬೆಳಕು, ಇನ್ನೊಬ್ಬನ ವಂಶಕ್ಕೆ ಶಾಪ. ಶಾಪದ ವಂಶದವನು ಹೊರಗೆ ಕತ್ತಲಲ್ಲಿ ತಿರುಗುತ್ತಿದ್ದಾನೆ ಅನ್ನುತ್ತಾನೆ. ಗ್ರೆಂಡೆಲ್ ತಾನೇ ಆ ಶಾಪದವನು ಅಂತ ನಂಬಿಬಿಡುತ್ತಾನೆ. ಹಾಡಿನಲ್ಲಿ ಒಂದು ಜಾಗ ಸಿಗುವುದಾದರೆ ಕೆಟ್ಟವನ ಜಾಗವೇ ಆಗಲಿ ಅನ್ನುವ ಹಾಗೆ.

ಆಗ ಅವನ ಕೈಯಲ್ಲಿ ಒಂದು ಹೆಣ ಇರುತ್ತದೆ. ಯಾರೋ ಮನುಷ್ಯರೇ ಕೊಂದು ಬಟ್ಟೆ ಕಿತ್ತುಕೊಂಡು ಹೋದವನದು. ಹೆಣ ಎತ್ತಿಕೊಂಡೇ ಸಭೆಮನೆಯೊಳಗೆ ನುಗ್ಗಿ ಕರುಣೆ, ಶಾಂತಿ ಅಂತ ಕೂಗುತ್ತಾನೆ. ಮಂಡಿಯೂರಿ ಗೆಳೆಯ ಅನ್ನುತ್ತಾನೆ. ಕುಡಿದ ಜನಕ್ಕೆ ಕಾಣುವುದು ರಾಕ್ಷಸ, ಅವನ ತೋಳಲ್ಲಿ ಹೆಣ. ಕೊಡಲಿ ಎತ್ತಿಕೊಂಡು ಬೀಳುತ್ತಾರೆ. ಹೆಣವನ್ನೇ ಗುರಾಣಿಯ ಹಾಗೆ ಹಿಡಿದು ತಪ್ಪಿಸಿಕೊಂಡು ಓಡುತ್ತಾನೆ.

ನಮ್ಮ ಯಕ್ಷಗಾನದ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ರಂಗಕ್ಕೆ ಬರುವುದನ್ನು ಇದರ ಪಕ್ಕ ಇಟ್ಟು ನೋಡಿ. ಅಕ್ಕಿಹಿಟ್ಟು, ಸುಣ್ಣದ ಚುಟ್ಟಿ ಮುಖದ ಮೇಲೆ ಇಟ್ಟುಕೊಳ್ಳುವುದಕ್ಕೇ ಗಂಟೆಗಟ್ಟಲೆ. ಅವನು ಜನರ ಹಿಂದಿನಿಂದ ಬರುತ್ತಾನೆ, ಎರಡು ಕಡೆ ದೊಂದಿ. ರಾಳದ ಪುಡಿ ಎಸೆದರೆ ಭಗ್ಗನೆ ಬೆಂಕಿ ಏಳುತ್ತದೆ. ಮಕ್ಕಳು ಕಿರುಚುತ್ತಾರೆ, ಮಲಗಿದ್ದ ಮುದುಕರು ಎದ್ದು ಕೂರುತ್ತಾರೆ. ಅಷ್ಟೆಲ್ಲ ಅಬ್ಬರ ಮುಗಿಸಿ ಅವನು ರಂಗದಲ್ಲಿ ಕೂತು ಭಾಗವತರ ಕಡೆ ತಿರುಗಿ "ಬಲ್ಲಿರೇನಯ್ಯಾ" ಅನ್ನುತ್ತಾನೆ. ನಾನು ಯಾರು ಗೊತ್ತಾ ಅಂತ. ಭಾಗವತರು ಉತ್ತರ ಕೊಡುತ್ತಾರೆ! ಕೊಡಲೇಬೇಕು, ಅದು ಆಟದ ನಿಯಮ. ಅವನು ತನ್ನ ಊರು, ಕುಲ, ಸಿಟ್ಟು, ಆಸೆ ಎಲ್ಲ ಹೇಳಿಕೊಳ್ಳುತ್ತಾನೆ, ಇವರು ಕೇಳುತ್ತಾರೆ. ಬೆಳಗಾಗುವಷ್ಟರಲ್ಲಿ ಅವನು ಸಾಯುವುದು ಎಲ್ಲರಿಗೂ ಗೊತ್ತು. ಸಾಯುವ ಮೊದಲು ಹೂಂ ಅನ್ನಿಸಿಕೊಂಡಿರುತ್ತಾನೆ.

ಹಾಗಂತ ನಮ್ಮಲ್ಲಿ ಎಲ್ಲ ಚೆನ್ನಾಗಿದೆ ಅಂತ ಹೇಳುತ್ತಿಲ್ಲ. ಬಕಾಸುರನಿಗೆ ಎಂಥ ಮಾತು ಅಂದದ್ದು ನಮ್ಮಜ್ಜಿಯೇ.

ಹೆಣದ ರಾತ್ರಿಯ ಮೇಲೆ ಗ್ರೆಂಡೆಲ್ ಒಂದು ಡ್ರ್ಯಾಗನ್ ಹತ್ತಿರ ಹೋಗುತ್ತಾನೆ. ಅದು ಬಂಗಾರದ ಮೇಲೆ ಕೂತ ವಯಸ್ಸಾದ ಪ್ರಾಣಿ. ಹಿಂದಿನದು ಮುಂದಿನದು ಎಲ್ಲ ಗೊತ್ತು, ಯಾವುದರಲ್ಲೂ ಆಸಕ್ತಿ ಇಲ್ಲ. ಪಾಠ ಶುರು ಮಾಡಿದರೆ ನಿಲ್ಲಿಸುವುದಿಲ್ಲ. ಈ ಅಧ್ಯಾಯ ನನಗೆ ಸ್ವಲ್ಪ ಬೋರು, ಇದನ್ನೇ ಮೆಚ್ಚುವವರು ಜಾಸ್ತಿ ಇದ್ದಾರೆ, ಇರಲಿ. ಕೆಲಸದ ವಿಷಯ ಒಂದೇ. ಅಲ್ಲಿಂದ ಬಂದ ಮೇಲೆ ಗ್ರೆಂಡೆಲ್‌ಗೆ ಯಾವ ಆಯುಧವೂ ತಾಗುವುದಿಲ್ಲ. ಹಳೆ ಕಾವ್ಯದಲ್ಲೂ ಅವನಿಗೆ ಕತ್ತಿ ತಾಗುವುದಿಲ್ಲ, ಗಾರ್ಡ್ನರ್ ಅದಕ್ಕೊಂದು ಬೆಲೆ ಸೇರಿಸಿದರು. ಮೊದಲು ಕೊಡಲಿ ಏಟಾದರೂ ಒಂದು ಸಂಬಂಧವಾಗಿತ್ತು. ಈಗ ಅದೂ ಹೋಯಿತು.

ಉನ್ಫರ್ತ್ ಅನ್ನುವ ಯೋಧ ಬಂದಾಗ ಇದು ಸರಿಯಾಗಿ ಕಾಣುತ್ತದೆ. ಅವನು ಸಭೆಮನೆಯಲ್ಲಿ ಕತ್ತಿ ಹಿಡಿದು ವೀರಾವೇಶದ ಭಾಷಣ ಮಾಡುತ್ತಾನೆ. ಗ್ರೆಂಡೆಲ್ ಅವನ ಮಾತಿಗೆ ಮಾತು ಕೊಡುತ್ತಾನೆ. ರಾಕ್ಷಸನ ಬಾಯಲ್ಲಿ ಮಾತು! ಉನ್ಫರ್ತ್ ತಬ್ಬಿಬ್ಬಾಗುತ್ತಾನೆ. ಅಷ್ಟು ವರ್ಷಕ್ಕೆ ಒಬ್ಬ ಮನುಷ್ಯನಿಗೆ ಇವನ ಮಾತು ಮಾತಾಗಿಯೇ ಕೇಳಿಸಿದೆ. ಆಗ ಗ್ರೆಂಡೆಲ್ ಮಾಡುವುದೇನು? ಮೇಜಿನ ಮೇಲಿದ್ದ ಸೇಬು ಎತ್ತಿ ಅವನಿಗೆ ಎಸೆಯಲು ಶುರು ಮಾಡುತ್ತಾನೆ. ಒಂದಾದ ಮೇಲೊಂದು. ವೀರ ಅಳುವವರೆಗೂ. ಉನ್ಫರ್ತ್ ಮುಂದೆ ಸಾಯಲೆಂದೇ ಗುಹೆಯವರೆಗೆ ಹುಡುಕಿಕೊಂಡು ಬರುತ್ತಾನೆ. ಗ್ರೆಂಡೆಲ್ ಅವನನ್ನು ಕೊಲ್ಲುವುದಿಲ್ಲ. ಮಗುವಿನ ಹಾಗೆ ಎತ್ತಿಕೊಂಡು ಹೋಗಿ ಸಭೆಮನೆ ಬಾಗಿಲಲ್ಲಿ ಮಲಗಿಸುತ್ತಾನೆ. ಇದನ್ನು ಸ್ನೇಹ ಅಂತ ಯಾರೂ ತಪ್ಪು ತಿಳಿಯಬಾರದಲ್ಲ, ಅದಕ್ಕೆ ಕಾವಲಿಗಿದ್ದ ಇಬ್ಬರನ್ನು ಕೊಂದು ಹೋಗುತ್ತಾನೆ.

ಈ ಪುಸ್ತಕ ಓದಿದ ಗೆಳೆಯರು ಪಾಪ ಗ್ರೆಂಡೆಲ್ ಅನ್ನುತ್ತಾರೆ. ಸಮಾಜ ಹೊರಗಿಟ್ಟಿತು, ಅದಕ್ಕೇ ಹಾಗಾದ ಅಂತ. ಅರ್ಧ ಒಪ್ಪುತ್ತೇನೆ. ಮರದ ಪುಟದಲ್ಲಿ ನನಗೂ ಗಂಟಲು ಕಟ್ಟಿದೆ. ಆದರೆ ಆ ಇಬ್ಬರು ಕಾವಲುಗಾರರ ಹೆಸರೇ ನಮಗೆ ಗೊತ್ತಿಲ್ಲ. ಹೇಳುವವನು ಅವನು. ಅವನಿಗೆ ಬೇಕಾದವರಿಗೆ ಮುಖ ಇದೆ, ಉಳಿದವರು ಊಟ. ಎಷ್ಟು ಚೆಂದ ಮಾತಾಡುತ್ತಾನೆ ಅಂದರೆ, ತಿಂದದ್ದನ್ನು ಅವನು ತಮಾಷೆಯಾಗಿ ಹೇಳುವಾಗ ನಾನು ನಕ್ಕುಬಿಟ್ಟಿದ್ದೇನೆ. ನಕ್ಕ ಮೇಲೆ ಹೊಳೆಯಿತು, ಅಜ್ಜಿಗೆ ಹೇಳುತ್ತಿದ್ದ ಹಾಗೇ ನಾನು ಪುಟಕ್ಕೊಂದು ಹೂಂ ಅನ್ನುತ್ತಾ ಬಂದಿದ್ದೇನೆ ಅಂತ. ಗಾರ್ಡ್ನರ್ ಕೂಡ ಗ್ರೆಂಡೆಲ್‌ನ ತತ್ವವನ್ನು ಮೆಚ್ಚಿ ಬರೆದವರಲ್ಲ. ಫ್ರೆಂಚ್ ತತ್ವಜ್ಞಾನಿ ಸಾರ್ತ್ರನ ವಿಚಾರವನ್ನು ರಾಕ್ಷಸನ ಬಾಯಿಗೆ ಹಾಕಿ ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ನೋಡಿದವರು.

ನನಗೆ ಜಾಸ್ತಿ ಕಾಡುವುದು ಅವನ ಅಮ್ಮ. ಗುಹೆಯಲ್ಲಿ ಅವನ ಜೊತೆ ಇರುವವಳು ಅವಳೊಬ್ಬಳೇ. ಮಾತು ಮರೆತಿದ್ದಾಳೆ, ಅಥವಾ ಯಾವತ್ತೂ ಕಲಿತೇ ಇಲ್ಲ. ಮಗನನ್ನು ಕಂಡರೆ ಅಪ್ಪಿಕೊಳ್ಳಲು ಬರುತ್ತಾಳೆ, ಉಸಿರು ಕಟ್ಟುವ ಹಾಗೆ. ನಾವು ಯಾಕೆ ಇಲ್ಲಿದ್ದೇವೆ ಅಂತ ಅವನು ಕೇಳಿದರೆ ಅವಳಲ್ಲಿ ಉತ್ತರ ಇಲ್ಲ. ಕೊನೆಕೊನೆಗೆ ಅವಳ ಬಾಯಿಂದ ಮಾತಿನ ಹಾಗಿನ ಏನೋ ಹೊರಡುತ್ತದೆ. ಅಕ್ಷರ ಕೂಡಿಸಲು ಒದ್ದಾಡುತ್ತಾಳೆ. ಮೀನಿನ ಬಗ್ಗೆ ಹುಷಾರು ಅನ್ನುವಂಥದ್ದು. ಬೇವುಲ್ಫ್ ಬರಲಿರುವುದು ಸಮುದ್ರದಿಂದ. ಮಗನಿಗೆ ಅದು ಗೊಣಗಾಟ ಅಷ್ಟೇ.

ಮರದ ಕೆಳಗಿನ ಮನುಷ್ಯರು ಇವನಿಗೆ ಮಾಡಿದ್ದೂ ಇದನ್ನೇ ಅಲ್ವಾ. ಇದನ್ನು ಗಾರ್ಡ್ನರ್ ಎಲ್ಲೂ ಎತ್ತಿ ಹೇಳುವುದಿಲ್ಲ. ನಾನು ಇದನ್ನು ಗಮನಿಸಿದ್ದು ಮೂರನೇ ಓದಿನಲ್ಲಿ. ಆ ದಿನ ಊರಿಗೆ ಫೋನ್ ಮಾಡಿದ್ದೆ. ಅಜ್ಜಿಗೆ ಆಗಲೇ ಪಾರ್ಶ್ವವಾಯು ಬಡಿದು ಮಾತು ತೊದಲುತ್ತಿತ್ತು. ಏನೋ ಒಂದನ್ನು ಮೂರು ಸಲ ಹೇಳಿದರು. ನನಗೆ ಗೊತ್ತಾಗಲಿಲ್ಲ. ಆಯ್ತಜ್ಜಿ, ಆಮೇಲೆ ಮಾಡ್ತೇನೆ ಅಂತ ಇಟ್ಟುಬಿಟ್ಟೆ.

ಕೊನೆಗೆ ಬೇವುಲ್ಫ್ ಬರುತ್ತಾನೆ. ಕಾದಂಬರಿಯಲ್ಲಿ ಅವನ ಹೆಸರೇ ಇಲ್ಲ. ಗ್ರೆಂಡೆಲ್‌ಗೆ ಅವನು ಬರೀ ಆಗಂತುಕ. ನೆಲದ ಮೇಲಿನ ರಕ್ತಕ್ಕೆ ಕಾಲು ಜಾರಿ ಗ್ರೆಂಡೆಲ್ ಅವನ ಹಿಡಿತಕ್ಕೆ ಸಿಗುತ್ತಾನೆ. ತೋಳು ತಿರುಚುತ್ತಾ ಬೇವುಲ್ಫ್ ಅವನ ಕಿವಿಯಲ್ಲಿ ಪಿಸುಗುಡಲು ಶುರು ಮಾಡುತ್ತಾನೆ. ಬಿಡದೆ ಮಾತಾಡುತ್ತಾನೆ. ತಲೆ ಹಿಡಿದು ಗೋಡೆಗೆ ಗುದ್ದಿ, ಗೋಡೆ ಗಟ್ಟಿ ಇದೆಯಾ, ಹಾಗಾದರೆ ಗೋಡೆಯ ಮೇಲೆ ಹಾಡು ಅನ್ನುತ್ತಾನೆ. ಗ್ರೆಂಡೆಲ್ ಹಾಡುತ್ತಾನೆ. ಮನುಷ್ಯನೊಬ್ಬ ಅವನನ್ನು ಹಾಡು ಅಂತ ಕೇಳಿದ್ದು ಅದೇ ಮೊದಲು.

ಆಮೇಲೂ ಅವನು ಒಪ್ಪುವುದಿಲ್ಲ. ಇದು ಆಕಸ್ಮಿಕ, ಕಾಲು ಜಾರಿತು, ಅಷ್ಟೇ ಅಂತ ವಾದಿಸುತ್ತಲೇ ಸಾಯುತ್ತಾನೆ. ಗಾರ್ಡ್ನರ್‌ಗೆ ಆ ಪದ ಹಗುರವಾದದ್ದಲ್ಲ. 1945ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಅವರು ಓಡಿಸುತ್ತಿದ್ದ ಟ್ರ್ಯಾಕ್ಟರಿನ ಹಿಂದಿನ ಯಂತ್ರಕ್ಕೆ ಸಿಕ್ಕಿ ತಮ್ಮ ತೀರಿಹೋದ. 1982ರಲ್ಲಿ ಅವರೂ ಮೋಟಾರ್‌ಸೈಕಲ್ ಅಪಘಾತದಲ್ಲಿ ಹೋದರು, ಐವತ್ತು ತುಂಬುವ ಮೊದಲೇ.

ಕಾದಂಬರಿ ಮುಗಿಸಿ ನಾನು ಮತ್ತೆ ಹಳೆ ಕಾವ್ಯದ ಅನುವಾದ ತೆಗೆದೆ. ಗ್ರೆಂಡೆಲ್ ಅಲ್ಲಿ ಮಾತಾಡುವುದಿಲ್ಲ ಅಂದೆನಲ್ಲ, ಅದು ನಿಜ. ಆದರೆ ತೋಳು ಹರಿಯುವ ಹೊತ್ತಿಗೆ ಅವನು ಕೂಗುವ ಕೂಗಿಗೆ ಕವಿ ಕೊಟ್ಟ ಹೆಸರು 'ಗ್ರೂರೆಲಿಯೋತ್'. ಲಿಯೋತ್ ಅಂದರೆ ಹಾಡು. ಭಯದ ಹಾಡು, ಗೆಲುವಿಲ್ಲದ ಹಾಡು ಅನ್ನುತ್ತಾನೆ. ಆ ರಾತ್ರಿ ಹ್ರೋತ್‌ಗಾರನ ಡೇನ್ ಜನ ಸಭೆಮನೆಯನ್ನು ಬೇವುಲ್ಫ್ ಕಡೆಯವರಿಗೆ ಬಿಟ್ಟುಕೊಟ್ಟು ಹೋಗಿದ್ದರು. ಹನ್ನೆರಡು ವರ್ಷ ಒಳಗೆ ಅವರು ಹಾಡುತ್ತಿದ್ದರು, ಹೊರಗೆ ಅವನು ಕೇಳುತ್ತಿದ್ದ. ಈಗ ಒಳಗೆ ಅವನು, ಗೋಡೆಯಾಚೆ ಅವರು.

ಟೆಂಟಿನ ಹೊರಗೆ ನಿಂತ ಆ ವರ್ಷಗಳಲ್ಲಿ ನಾನು ಒಬ್ಬ ರಾಕ್ಷಸನ ಮುಖವನ್ನೂ ನೋಡಿಲ್ಲ. ಕೂಗು ಮಾತ್ರ ಕೇಳಿದ್ದೇನೆ. ಚೆಂಡೆ ಒಮ್ಮೆಲೇ ನಿಲ್ಲುತ್ತಿತ್ತು, ಆಮೇಲೆ ಆ ಕೂಗು. ಕಡಲೆ ಮಾರುವವನೂ ಅಷ್ಟು ಹೊತ್ತು ಬಾಣಲೆಯಲ್ಲಿ ಸೌಟು ಆಡಿಸುವುದನ್ನು ನಿಲ್ಲಿಸುತ್ತಿದ್ದ.